ಲೆಕ್ಕಕ್ಕೆ ಸಿಗದವರು

(ಡಿಸೆಂಬರಿನ ಒಂದು ಶುಕ್ರವಾರ ಸಂಜೆ. ನೆನೆಹಾಕಿದ ಅವರೆಕಾಳಿನ ಬೇಸಿನ್ನು ನಡುವೆ ಇಟ್ಟುಕೊಂಡು ಇಬ್ಬರು ಕೂತಿದ್ದಾರೆ. ಹಿತುಕಿದ ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ.)

ಮಗಳು: ಚಿಕ್ಕಪ್ಪ, ನೆಟ್‌ಫ್ಲಿಕ್ಸ್‌ನಲ್ಲಿ ‘1899’ ಅಂತ ಒಂದು ಸರಣಿ ಇದೆ. ನೋಡಿದ್ದೀರಾ?

ಚಿಕ್ಕಪ್ಪ: ಹಡಗಿನದ್ದು ತಾನೆ? ಅರ್ಧ ನೋಡಿ ಇಟ್ಟಿದ್ದೇನೆ.

ಮಗಳು: ನಾನು ಎರಡೇ ರಾತ್ರಿಯಲ್ಲಿ ಎಂಟೂ ಕಂತು ಮುಗಿಸಿದೆ. ವಲಸೆ ಹೊರಟವರು ತುಂಬಿದ ಹಡಗು, ಒಬ್ಬೊಬ್ಬರದು ಒಂದೊಂದು ಭಾಷೆ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಕೊನೆಯ ಕಂತಿನ ಕೊನೆಗೆ ನಾಯಕಿ ಕಣ್ಣು ಬಿಟ್ಟರೆ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಬಾಹ್ಯಾಕಾಶ ನೌಕೆ. ಇಸವಿ 2099!

ಚಿಕ್ಕಪ್ಪ: ಅರ್ಧ ನೋಡಿದ್ದೇನೆ ಅಂದೆನಲ್ಲೇ, ಕೊನೆಯನ್ನೇ ಹೇಳಿಬಿಟ್ಟೆಯಲ್ಲ.

ಮಗಳು: ಅದು ಕೊನೆಯಲ್ಲ ಚಿಕ್ಕಪ್ಪ, ಅದೇ ನನ್ನ ಸಂಕಟ. ಮುಂದಿನ ಸೀಸನ್ ಎಲ್ಲಿದೆ ಅಂತ ಹುಡುಕಿದರೆ ಇಲ್ಲವೇ ಇಲ್ಲ. 2022ರ ನವೆಂಬರಿನಲ್ಲಿ ಬಂತಂತೆ, 2023ರ ಜನವರಿ ಶುರುವಿಗೇ ನಿಲ್ಲಿಸಿದ್ದಾಯಿತಂತೆ. ಮಾಡಿದವರ ತಲೆಯಲ್ಲಿ ಮೂರು ಸೀಸನ್ನಿನ ಕಥೆ ಇತ್ತು. ಎರಡು ತಿಂಗಳೂ ತಡೆಯದೆ ಬಾಗಿಲು ಹಾಕಿದರೆ ಹೇಗೆ?

ಚಿಕ್ಕಪ್ಪ: ನೀನು ನೋಡಿದ್ದು ಯಾವಾಗ?

ಮಗಳು: ಹೋದ ವಾರ.

ಚಿಕ್ಕಪ್ಪ: ಮತ್ತೆ? ಪೆಂಡಾಲು ಬಿಚ್ಚಿದ ಮೇಲೆ ಮದುವೆಗೆ ಬಂದವಳು ನೀನು.

ಮಗಳು: ತಡವಾದರೇನು, ಪೂರ್ತಿ ಊಟ ಮಾಡಿದೆನಲ್ಲ.

ಚಿಕ್ಕಪ್ಪ: ಮಾಡಿದೆ. ಆದರೆ ಅಡುಗೆಯವರು ಎಲೆ ಲೆಕ್ಕ ಹಾಕುವುದು ಮದುವೆಯ ದಿನ. ಮಾರನೆಯ ದಿನ ಬಂದು ಮಿಕ್ಕಿದ ಚಿರೋಟಿಯನ್ನು ಎಷ್ಟು ಹೊಗಳಿದರೂ ಆ ಎಲೆ ಲೆಕ್ಕಕ್ಕೆ ಸೇರುವುದಿಲ್ಲ.

ಮಗಳು: ಇದು ನನಗೆ ಗೊತ್ತಿರುವ ವಿಷಯವೇ. ನಮ್ಮ ಆಫೀಸಿನಲ್ಲಿ ನಾನು ದಿನವಿಡೀ ಮಾಡುವುದು ಅದನ್ನೇ, ಆ್ಯಪ್ ಒಳಗೆ ಬಂದವರು ಎಷ್ಟು ಜನ, ಎಲ್ಲಿ ಬಿಟ್ಟು ಹೋದರು ಅಂತ ನೋಡುವುದು. ನೆಟ್‌ಫ್ಲಿಕ್ಸಿನವರು 2019ರಲ್ಲಿ ಬ್ರಿಟನ್ನಿನ ಸಂಸತ್ ಸಮಿತಿಗೆ ಒಂದು ಪತ್ರ ಬರೆದಿದ್ದರು. ನೋಡುವವರನ್ನು ಆಗ ಮೂರು ರಾಶಿ ಮಾಡುತ್ತಿದ್ದರು ಅಂತ ಅದರಲ್ಲಿದೆ: ಎರಡು ನಿಮಿಷ ನೋಡಿದವರು, ಒಂದು ಕಂತಿನ ಶೇ. 70ರಷ್ಟು ನೋಡಿದವರು, ಇಡೀ ಸೀಸನ್ನಿನ ಶೇ. 90ರಷ್ಟು ಮುಗಿಸಿದವರು. ಅದರಲ್ಲೂ ಮೊದಲ 7 ದಿನ, ಮೊದಲ 28 ದಿನದಲ್ಲಿ ಮುಗಿಸಿದವರು ಎಷ್ಟು ಅನ್ನುವುದಕ್ಕೆ ತೂಕ ಜಾಸ್ತಿ ಇತ್ತು.

ಚಿಕ್ಕಪ್ಪ: ಗೊತ್ತಿದ್ದೂ ಯಾಕೆ ಕಾದೆ?

ಮಗಳು: ಹಿಂದೆ ಎರಡು ಸಲ ಕೈಸುಟ್ಟುಕೊಂಡಿದ್ದೆ. ನಡುವೆ ನಿಂತುಹೋದರೆ ಬೇಜಾರು, ಎಲ್ಲ ಸೀಸನ್ ಬಂದ ಮೇಲೆ ಒಟ್ಟಿಗೆ ನೋಡೋಣ ಅಂತ... ನಗಬೇಡಿ.

ಚಿಕ್ಕಪ್ಪ: ನಗದೆ ಏನು ಮಾಡಲಿ? ನಿಂತುಹೋಗುತ್ತದೆ ಅಂತ ನೀನು ನೋಡಲಿಲ್ಲ, ನೀನು ನೋಡಲಿಲ್ಲ ಅಂತ ಅದು ನಿಂತುಹೋಯಿತು. ಅಗೋ, ಸಿಪ್ಪೆಯನ್ನು ಬೇಳೆಯ ಪಾತ್ರೆಗೆ ಹಾಕಿದೆ, ನಿನ್ನ ಚಿಕ್ಕಮ್ಮ ನೋಡಿದರೆ ಇಬ್ಬರಿಗೂ ಆಗುತ್ತದೆ.

ಮಗಳು: ನಿಮಗೆ ಇಂಥದ್ದು ಆಗಿಲ್ಲ, ಅದಕ್ಕೇ ನಗು.

ಚಿಕ್ಕಪ್ಪ: ಆಗಿಲ್ಲ ಅಂತ ಯಾರು ಹೇಳಿದರು? 2002ರಲ್ಲಿ ಒಂದು ಪ್ರಾಜೆಕ್ಟಿನ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಮೂವರು ಹುಡುಗರು, ಒಂದು ಅಪಾರ್ಟ್‌ಮೆಂಟು, ಯಾರೋ ಬಿಟ್ಟು ಹೋದ ಒಂದು ಟಿವಿ. ಶುಕ್ರವಾರ ಸಂಜೆ ಅವರಿಬ್ಬರೂ ಊರು ಸುತ್ತಲು ಹೋದರೆ ನನ್ನದು ಬಟ್ಟೆ ಒಗೆಯುವ ಪಾಳಿ. ನೆಲಮಾಳಿಗೆಯ ಯಂತ್ರಕ್ಕೆ ನಾಣ್ಯ ಹಾಕಿ ಬಂದು ಟಿವಿ ಮುಂದೆ ಕೂರುತ್ತಿದ್ದೆ. ಸೆಪ್ಟೆಂಬರ್ 20ರಂದು ಎಂಟು ಗಂಟೆಗೆ ಫಾಕ್ಸ್ ವಾಹಿನಿಯಲ್ಲಿ ಹೊಸದೊಂದು ಶುರುವಾಯಿತು, ‘ಫೈರ್‌ಫ್ಲೈ’. ಮಿಂಚುಹುಳ ಅಂತ ಹೆಸರಿಟ್ಟುಕೊಂಡು ಹುಟ್ಟಿತ್ತು, ಪಾಪ.

ಮಗಳು: ಹೆಸರು ಕೇಳಿದ್ದೇನೆ. ಬಾಹ್ಯಾಕಾಶದಲ್ಲಿ ಕೌಬಾಯ್‌ಗಳು.

ಚಿಕ್ಕಪ್ಪ: ಹಾಗೆ ಹೇಳಿಯೇ ಕೆಡಿಸಿದ್ದು. ಇಸವಿ 2517. ಒಂದು ದೊಡ್ಡ ಯುದ್ಧ ಮುಗಿದಿದೆ, ನಾಯಕ ಸೋತ ಕಡೆಯವನು. ಹಳೆಯ ಸರಕಿನ ನೌಕೆಯೊಂದನ್ನು ಇಟ್ಟುಕೊಂಡು, ಕದ್ದ ಮಾಲನ್ನೋ ನ್ಯಾಯದ ಮಾಲನ್ನೋ ಸಾಗಿಸಿ ಹೊಟ್ಟೆ ಹೊರೆಯುತ್ತಾನೆ. ನೌಕೆಯಲ್ಲಿ ಒಟ್ಟು ಒಂಬತ್ತು ಜನ. ಅನ್ಯಗ್ರಹದ ಜೀವಿ ಒಂದೂ ಇಲ್ಲ. ಹೊರಗೆ ನೌಕೆ ಹೋಗುವಾಗ ಸದ್ದೂ ಇಲ್ಲ, ಶೂನ್ಯದಲ್ಲಿ ಸದ್ದು ಎಲ್ಲಿಂದ ಬರಬೇಕು? ಬರೆದವನು ಜಾಸ್ ವೀಡನ್.

ಮಗಳು: ಮತ್ತೆ ಯಾಕೆ ಓಡಲಿಲ್ಲ?

ಚಿಕ್ಕಪ್ಪ: ಮೊದಲ ದಿನ ನನಗೆ ತಲೆಬುಡ ತಿಳಿಯಲಿಲ್ಲ. ಯಾರಿವರು, ಈ ಡಾಕ್ಟರು ತನ್ನ ತಂಗಿಯನ್ನು ಯಾಕೆ ಬಚ್ಚಿಡುತ್ತಾನೆ, ಈ ಪಾದ್ರಿಗೆ ಇಲ್ಲೇನು ಕೆಲಸ, ಯಾವುದೂ ಗೊತ್ತಾಗಲಿಲ್ಲ. ನಾನೇ ಹಿಂದಿನ ವಾರದ್ದು ತಪ್ಪಿಸಿಕೊಂಡೆನೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ತಪ್ಪಿಸಿದ್ದು ನಾನಲ್ಲ. ಎರಡು ಗಂಟೆಯ ಮೊದಲ ಕಂತು ಸಿದ್ಧವಾಗಿ ಡಬ್ಬಿಯಲ್ಲಿ ಕೂತಿತ್ತು. ನಿಧಾನ ಜಾಸ್ತಿ, ನಾಯಕ ಸಿಡುಕ ಅಂತ ವಾಹಿನಿಯವರು ಅದನ್ನು ಬದಿಗಿಟ್ಟರು. ಹೊಸದೊಂದು ಕೊಡಿ ಅಂದಿದ್ದಕ್ಕೆ ವೀಡನ್ ಮತ್ತು ಟಿಮ್ ಮಿನಿಯರ್ ಶನಿವಾರ ಭಾನುವಾರ ಕೂತು ರೈಲು ದರೋಡೆಯ ಕಥೆ ಬರೆದುಕೊಟ್ಟರು. ಆ ಎರಡನೆಯದೇ ಮೊದಲನೆಯದಾಗಿ ಬಂತು.

ಮಗಳು: ಅಂದರೆ ಮೊದಲ ಅಧ್ಯಾಯ ಹರಿದು ಕಾದಂಬರಿ ಕೈಗೆ ಕೊಟ್ಟ ಹಾಗೆ.

ಚಿಕ್ಕಪ್ಪ: ಅಷ್ಟೇ ಅಲ್ಲ, ಉಳಿದ ಹಾಳೆಯನ್ನೂ ಕಲಸಿದರು. ನಾಲ್ಕನೆಯದಾಗಿ ಬರಬೇಕಾದದ್ದು ಆರನೆಯದಾಗಿ ಬಂತು. ಅಕ್ಟೋಬರಿನಲ್ಲಿ ಬೇಸ್‌ಬಾಲ್ ಕಾಲ, ಒಂದು ಶುಕ್ರವಾರ ಕಂತೇ ಇಲ್ಲ. ನವೆಂಬರ್ ಕೊನೆಗೆ ಎರಡು ವಾರ ಮತ್ತೆ ಇಲ್ಲ. ಡಿಸೆಂಬರಿನಲ್ಲಿ ನಿಲ್ಲಿಸುವ ಸುದ್ದಿ ಬಂತು. ಆಮೇಲೆ, 20ನೇ ತಾರೀಖು, ಬದಿಗಿಟ್ಟಿದ್ದ ಆ ಮೊದಲ ಕಂತನ್ನು ಕೊನೆಯದಾಗಿ ಹಾಕಿದರು. ತೆಗೆದದ್ದು 14 ಕಂತು, ಬಂದದ್ದು 11. ಶವಸಂಸ್ಕಾರದ ದಿನ ನಾಮಕರಣ.

ಮಗಳು: ಅದನ್ನೂ ನೋಡಿದಿರಾ?

ಚಿಕ್ಕಪ್ಪ: ನೋಡಿದೆ. ಅದರಲ್ಲಿ ಒಂದು ಸಣ್ಣ ದೃಶ್ಯ. ಆ ಪಾದ್ರಿ ನೌಕೆ ಹತ್ತುವಾಗ ದಾರಿಯ ಖರ್ಚಿಗೆ ಅಂತ ಒಂದು ಪುಟ್ಟ ಮರದ ಪೆಟ್ಟಿಗೆ ತೋರಿಸುತ್ತಾನೆ. ಮೆಕ್ಯಾನಿಕ್ ಹುಡುಗಿ ಮುಚ್ಚಳ ಎತ್ತಿ ಇಣುಕುತ್ತಾಳೆ, ಮುಖ ಅರಳುತ್ತದೆ. ಒಳಗಿರುವುದು ಸ್ಟ್ರಾಬೆರಿ. ಆಮೇಲೆ ಅವಳು ಒಂದನ್ನು ಬಾಯಿಗಿಟ್ಟು ನಿಧಾನ ಕಚ್ಚುತ್ತಾಳೆ. ಮಾತೇ ಇಲ್ಲ. ನೌಕೆಯಲ್ಲಿ ದಿನಾ ತಿನ್ನುವುದು ಡಬ್ಬಿಯ ಹಿಟ್ಟು, ಗಿಡದಿಂದ ಕಿತ್ತ ಹಣ್ಣು ಅಂದರೆ ಹಬ್ಬ ಅನ್ನುವುದು ನನಗೆ ಆಗ ಗೊತ್ತಾಯಿತು. ಮೂರು ತಿಂಗಳಿಂದ ನೋಡುತ್ತಿದ್ದ ಲೋಕ ಆ ಹಣ್ಣಿನಲ್ಲಿ ತೆರೆಯಿತು. ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನೂ ಒಂದು ವರ್ಷದಿಂದ ತಂಗಳು ಪೆಟ್ಟಿಗೆಯ ಪರೋಟ ತಿನ್ನುತ್ತಿದ್ದವನು, ಅದಕ್ಕೇ ಅಷ್ಟು ತಾಗಿತೋ ಏನೋ.

ಮಗಳು: ನೀವು ಬಿಡದೆ ನೋಡಿದಿರಿ, ಸರಿಯಾದ ದಿನ, ಸರಿಯಾದ ಹೊತ್ತಿಗೆ. ನಿಮ್ಮ ಎಲೆ ಲೆಕ್ಕಕ್ಕೆ ಸೇರಿರಬೇಕು.

ಚಿಕ್ಕಪ್ಪ: ಎಲ್ಲಿ ಸೇರಬೇಕು? ಆಗ ಅಲ್ಲಿ ಲೆಕ್ಕ ಹಾಕುತ್ತಿದ್ದದ್ದು ನೀಲ್ಸನ್ ಸಂಸ್ಥೆ. ಅವರು ಆರಿಸಿದ ಸುಮಾರು 5,000 ಮನೆಗಳಲ್ಲಿ ಮೀಟರು. ಟಿವಿ ಇದ್ದ ಮನೆಗಳು ದೇಶದಲ್ಲಿ 10 ಕೋಟಿಗೂ ಹೆಚ್ಚು. ಮೀಟರಿಲ್ಲದ ಮನೆಯಲ್ಲಿ ನಾನು ಕಣ್ಣೀರು ಹಾಕಿದರೂ ಅಷ್ಟೇ, ಟಿವಿ ಆರಿಸಿ ಮಲಗಿದರೂ ಅಷ್ಟೇ.

ಮಗಳು: ಅದು ಮೋಸವಲ್ಲ ಚಿಕ್ಕಪ್ಪ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಸಾಕು, ಮಾದರಿ ಸಮೀಕ್ಷೆ ಅಂದರೆ ಅದೇ. ನಿಮ್ಮಂಥವರು ನಿಜವಾಗಿ ತುಂಬಾ ಇದ್ದಿದ್ದರೆ ಆ 5,000ದಲ್ಲೂ ಕಾಣಿಸುತ್ತಿದ್ದರು.

ಚಿಕ್ಕಪ್ಪ: ಒಪ್ಪಿದೆ. ಕಾಣಿಸಿದ್ದು ಸುಮಾರು 47 ಲಕ್ಷ ಜನ. ನಮಗೆ ದೊಡ್ಡದು ಅನ್ನಿಸುತ್ತದೆ, ಅಲ್ಲಿನ ದೊಡ್ಡ ವಾಹಿನಿಗೆ ಅದು ಖಾಲಿ ಪೆಂಡಾಲು. ಅದರಲ್ಲೂ ಜಾಹೀರಾತಿನವರು ದರ ಕಟ್ಟುವುದು 18ರಿಂದ 49 ವಯಸ್ಸಿನವರ ಮೇಲೆ. ಆ ವಯಸ್ಸಿನವರು ಶುಕ್ರವಾರ ರಾತ್ರಿ ಮನೆಯಲ್ಲಿ ಕೂರುತ್ತಾರೆಯೇ? ಅದನ್ನು ಅಲ್ಲಿಯವರು ಸಾವಿನ ಹೊತ್ತು ಅಂತಲೇ ಕರೆಯುತ್ತಾರೆ.

ಮಗಳು: ಇದನ್ನು ಮಾತ್ರ ಒಪ್ಪಲ್ಲ. ‘ಎಕ್ಸ್ ಫೈಲ್ಸ್’ ಅದೇ ಫಾಕ್ಸ್ ವಾಹಿನಿಯಲ್ಲಿ, ಅದೇ ಶುಕ್ರವಾರ, 1993ರಲ್ಲಿ ಶುರುವಾದದ್ದು. ಮೂರು ವರ್ಷ ಶುಕ್ರವಾರವೇ ಬೆಳೆದು, 1996ರಲ್ಲಿ ಭಾನುವಾರಕ್ಕೆ ಹೋಯಿತು. ವಾರದ ತಪ್ಪಾಗಿದ್ದರೆ ಅದೂ ಸಾಯಬೇಕಿತ್ತಲ್ಲ?

ಚಿಕ್ಕಪ್ಪ: ಹ್ಞೂಂ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಶುಕ್ರವಾರದ ಕಥೆ ಹೇಳಿಕೊಂಡು ಬಂದಿದ್ದೆ.

ಮಗಳು: ನನಗನ್ನಿಸುವುದು ಬೇರೆ. ‘ಎಕ್ಸ್ ಫೈಲ್ಸ್’ನಲ್ಲಿ ಇಬ್ಬರು ಪತ್ತೇದಾರರು, ಒಂದು ಕಾರು, ಒಂದು ಟಾರ್ಚು. ಇವತ್ತಿನ ಅಮೆರಿಕ. ಯಾವ ವಾರ ಬಂದು ಕೂತರೂ ಐದು ನಿಮಿಷಕ್ಕೆ ಕಥೆ ಹಿಡಿಯುತ್ತದೆ. ನಿಮ್ಮ ಮಿಂಚುಹುಳಕ್ಕೆ 2517ನೇ ಇಸವಿ, ಮುಗಿದ ಯುದ್ಧ, ಒಂಬತ್ತು ಜನರ ಹಿಂದಿನ ಕಥೆ ಎಲ್ಲ ಗೊತ್ತಿರಬೇಕು. ಮುಂಬಾಗಿಲಿನಿಂದಲೇ ಬರಬೇಕಾದ ಮನೆ ಅದು. ಆ ಬಾಗಿಲಿಗೇ ಅವರು ಬೀಗ ಹಾಕಿದರು.

ಚಿಕ್ಕಪ್ಪ: ಸರಿಯಾಗಿ ಹೇಳಿದೆ. ದುಡ್ಡಿನಲ್ಲೂ ಅದೇ ತೊಡಕು. ನಿನ್ನ ಅಜ್ಜಿ ನೋಡುವ ಧಾರಾವಾಹಿಗೆ ಒಂದು ಹಾಲು, ಒಂದು ಅಡುಗೆಮನೆ, ಒಂದು ದೇವರಗೂಡು ಸಾಕು, ಅದರಲ್ಲೇ ಸಾವಿರ ಕಂತು ಎಳೆಯಬಹುದು. ವೈಜ್ಞಾನಿಕ ಕಥೆಗೆ ಕುರ್ಚಿಯೂ ಹೊಸದು, ಲೋಟವೂ ಹೊಸದು. ಮೊದಲ ಮಾತು ಆಡುವ ಮೊದಲೇ ಲೋಕ ಕಟ್ಟಿ ಮುಗಿಸಿರಬೇಕು. 1978ರಲ್ಲಿ ಎಬಿಸಿ ವಾಹಿನಿ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಮಾಡಿತಲ್ಲ, ಒಂದೊಂದು ಕಂತಿಗೆ ಸುಮಾರು 10 ಲಕ್ಷ ಡಾಲರು. ಆ ಕಾಲಕ್ಕೆ ಕೇಳರಿಯದ ದುಡ್ಡು. ಜನ ನೋಡಲಿಲ್ಲ ಅನ್ನುವ ಹಾಗೂ ಇಲ್ಲ, ಮೊದಲ 30ರ ಒಳಗೇ ಇತ್ತು. ಆದರೂ ಒಂದೇ ವರ್ಷಕ್ಕೆ ಬಾಗಿಲು.

ಮಗಳು: ‘1899’ಕ್ಕೂ ಹಾಗೇ. ಬರ್ಲಿನ್ ಹತ್ತಿರದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಸುತ್ತಲೂ ಎಲ್‌ಇಡಿ ಗೋಡೆ ನಿಲ್ಲಿಸಿ, ಸಮುದ್ರವನ್ನು ಅದರ ಮೇಲೆ ಹರಿಸಿದರಂತೆ. ದೊಡ್ಡ ಸಮುದ್ರಕ್ಕೆ ದೊಡ್ಡ ಗುಂಪು ಬೇಕು. ಆಫೀಸಿನಲ್ಲಿ ಕೂತು ಯೋಚಿಸಿದರೆ ಅದು ನ್ಯಾಯವೇ. ಎಷ್ಟು ಜನ ನೋಡಿದರು ಅನ್ನುವುದಲ್ಲ, ಖರ್ಚಿಗೆ ತಕ್ಕಷ್ಟು ಜನ ನೋಡಿದರೇ ಅನ್ನುವುದು ಪ್ರಶ್ನೆ.

ಚಿಕ್ಕಪ್ಪ: ಆ ಖರ್ಚು ವಾಪಸು ಬರುವುದು ಯಾರ ಜೇಬಿಗೆ ಅನ್ನುವುದು ಇನ್ನೊಂದು ಪ್ರಶ್ನೆ. ‘ದಿ ಎಕ್ಸ್‌ಪ್ಯಾನ್ಸ್’ ನೋಡಿದ್ದೀಯಲ್ಲ? ಸೈಫೈ ವಾಹಿನಿ 2018ರ ಮೇನಲ್ಲಿ, ಮೂರು ಸೀಸನ್ ಆದ ಮೇಲೆ ನಿಲ್ಲಿಸಿತು. ಆ ವಾಹಿನಿಗೆ ಇದ್ದದ್ದು ಅಮೆರಿಕದಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ. ಆಮೇಲೆ ಆನ್‌ಲೈನಿನಲ್ಲಿ ಎಷ್ಟು ಜನ ನೋಡಿದರೂ ಅವರಿಗೆ ಬರುವುದು ಸೊನ್ನೆ. ಊಟ ಮಾಡಿದವರಿದ್ದರು, ಎಲೆ ಬೇರೆಯವರ ಲೆಕ್ಕದಲ್ಲಿತ್ತು.

ಮಗಳು: ಅದು ಬದುಕಿತಲ್ಲ. ಅಭಿಮಾನಿಗಳು ವಿಮಾನ ಬಾಡಿಗೆಗೆ ತೆಗೆದುಕೊಂಡು, ಅಮೆಜಾನ್ ಕಚೇರಿಯ ಮೇಲೆ ಬ್ಯಾನರು ಹಾರಿಸಿದ್ದರು. ಅಮೆಜಾನ್ ಕೊಂಡುಕೊಂಡಿತು, ಆರು ಸೀಸನ್ ಆಯಿತು. ಜಗಳ ಆಡಿದರೆ ಉಳಿಸಬಹುದು ಅಂತಾಯಿತು.

ಚಿಕ್ಕಪ್ಪ: ಕೆಲವು ಸಲ. ‘ಜೆರಿಕೊ’ ಅಂತ ಒಂದಿತ್ತು, ಅಣುಬಾಂಬು ಬಿದ್ದ ಮೇಲಿನ ಒಂದು ಸಣ್ಣ ಊರಿನ ಕಥೆ. 2007ರಲ್ಲಿ ಸಿಬಿಎಸ್ ಅದನ್ನು ನಿಲ್ಲಿಸಿತು. ಕೊನೆಯ ಕಂತಿನಲ್ಲಿ ಶರಣಾಗು ಅಂದವರಿಗೆ ನಾಯಕ ‘ನಟ್ಸ್’ ಅನ್ನುತ್ತಾನೆ. ಅದನ್ನೇ ಹಿಡಿದುಕೊಂಡ ಜನ ವಾಹಿನಿಯ ಕಚೇರಿಗೆ ಕಡಲೇಕಾಯಿ ಕಳಿಸಿದರು.

ಮಗಳು: ಎಷ್ಟು?

ಚಿಕ್ಕಪ್ಪ: ಸುಮಾರು 20 ಟನ್ನು. ಬಸವನಗುಡಿಯ ಪರಿಷೆಯೇ ಅಲ್ಲಿ ಇಳಿದ ಹಾಗೆ. ವಾಹಿನಿ ಸೋತು ಇನ್ನೂ ಏಳು ಕಂತು ಕೊಟ್ಟಿತು. ಅಷ್ಟು ಹೊತ್ತಿಗೆ ಬುದ್ಧಿ ಬಂದಿತ್ತು, ಎರಡು ಕೊನೆ ಚಿತ್ರೀಕರಿಸಿ ಇಟ್ಟುಕೊಂಡರು, ಮುಂದುವರಿದರೆ ಒಂದು, ನಿಂತರೆ ಒಂದು. ಬೇಕಾದದ್ದು ನಿಲ್ಲುವ ಕೊನೆಯೇ.

ಮಗಳು: ಏಳಾದರೂ ಸಿಕ್ಕಿತಲ್ಲ.

ಚಿಕ್ಕಪ್ಪ: ಸಿಕ್ಕಿದ್ದೆಲ್ಲ ಪ್ರಸಾದವಲ್ಲ. ಗ್ಯಾಲಾಕ್ಟಿಕಾ ನಿಂತಾಗಲೂ ಪತ್ರಗಳು ಹೋದವು. ವಾಹಿನಿ ಏನು ಮಾಡಿತು? 1980ರಲ್ಲಿ ಖರ್ಚು ಕಡಿಮೆ ಮಾಡಿ, ನೌಕೆಯವರನ್ನು ಭೂಮಿಗೇ ಇಳಿಸಿತು. ಹತ್ತು ಕಂತಿಗೆ ಅದೂ ಸತ್ತಿತು, ಮಾನವನ್ನೂ ತೆಗೆಯಿತು. ನನ್ನ ಮಿಂಚುಹುಳಕ್ಕೂ ಮರುಜನ್ಮ ಸಿಕ್ಕಿತ್ತು ಗೊತ್ತಾ? 2003ರ ಡಿಸೆಂಬರಿನಲ್ಲಿ ಡಿವಿಡಿ ಬಂತು, ಪ್ರಸಾರವಾಗದ ಮೂರು ಕಂತೂ ಸೇರಿ, ಸರಿಯಾದ ಕ್ರಮದಲ್ಲಿ. ಲಕ್ಷಗಟ್ಟಲೆ ಮಾರಾಟವಾಯಿತು. ಅದನ್ನು ನೋಡಿ ಯೂನಿವರ್ಸಲ್ ಸ್ಟುಡಿಯೋ ಸಿನಿಮಾ ಮಾಡಿತು, 2005ರಲ್ಲಿ ‘ಸೆರೆನಿಟಿ’. ಖರ್ಚು ಸುಮಾರು 3.9 ಕೋಟಿ ಡಾಲರು, ಲೋಕವೆಲ್ಲ ಸೇರಿ ಗಳಿಕೆ 4 ಕೋಟಿಯಷ್ಟು. ಚಿತ್ರಮಂದಿರದವರ ಪಾಲು ಕಳೆದರೆ ನಷ್ಟವೇ. ಅಭಿಮಾನಿಗಳು ನಾಲ್ಕು ನಾಲ್ಕು ಸಲ ನೋಡಿದರೂ ಹೊಸಬರು ಬರಲಿಲ್ಲ.

ಮಗಳು: ಹಾಗಾದರೆ ಫಾಕ್ಸಿನವರ ಲೆಕ್ಕ ತಪ್ಪಿರಲಿಲ್ಲ.

ಚಿಕ್ಕಪ್ಪ: ಆ ರಾತ್ರಿಯ ಮಟ್ಟಿಗೆ ತಪ್ಪಿರಲಿಲ್ಲ. ನಾನು ಇದನ್ನು ಒಪ್ಪಲು ಬಹಳ ವರ್ಷ ಬೇಕಾಯಿತು. ಪ್ರೀತಿಸಿದವರು ಗಾಢವಾಗಿ ಪ್ರೀತಿಸಿದರು, ಆದರೆ ಕಡಿಮೆ ಜನ. ಮೀಟರಿಗೆ ತಲೆ ಎಣಿಸಲು ಬರುತ್ತದೆ, ಆಳ ಅಳೆಯಲು ಬರುವುದಿಲ್ಲ. ಆದರೆ ‘ಆ ರಾತ್ರಿಯ ಮಟ್ಟಿಗೆ’ ಅಂದೆನಲ್ಲ, ಅದನ್ನು ಬಿಡಬೇಡ. ನಾನು ಹುಡುಗನಾಗಿದ್ದಾಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಬೀದಿಗೆ ಒಂದೇ ಟಿವಿ, ಕಿಟಕಿಗೂ ಹುಡುಗರು. ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ಅದು ಭಾರೀ ಗೆದ್ದ ಧಾರಾವಾಹಿ ಅಂತಲೇ ನಮ್ಮ ನಂಬಿಕೆ.

ಮಗಳು: ಅಲ್ಲವೇ?

ಚಿಕ್ಕಪ್ಪ: ಅದೂ ನಿಂತುಹೋದದ್ದೇ! 1966ರಲ್ಲಿ ಎನ್‌ಬಿಸಿಯಲ್ಲಿ ಶುರುವಾಯಿತು. ಎರಡನೇ ವರ್ಷಕ್ಕೇ ನಿಲ್ಲಿಸುತ್ತಾರೆ ಅಂತ ಗೊತ್ತಾಗಿ, ಬಿಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಜನರಿಂದ ಪತ್ರ ಬರೆಸಿದರು. ಪತ್ರದ ರಾಶಿ ನೋಡಿ ಸಾಕಾಗಿ 1968ರ ಮಾರ್ಚಿನಲ್ಲಿ ವಾಹಿನಿಯೇ ಪ್ರಸಾರದ ನಡುವೆ, ಮುಂದುವರಿಸುತ್ತೇವೆ ಅಂತ ಘೋಷಿಸಿತು. ಆಮೇಲೆ ಖರ್ಚು ಕತ್ತರಿಸಿ, ಹೊತ್ತನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿತು. 1969ರ ಜೂನ್ 3ಕ್ಕೆ ಕೊನೆಯ ಕಂತು. ಏಳು ವಾರ ತುಂಬುವ ಮೊದಲೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಆ ರಾತ್ರಿ ಲೋಕವೆಲ್ಲ ಟಿವಿ ಮುಂದೆ.

ಮಗಳು: ಅಯ್ಯೋ.

ಚಿಕ್ಕಪ್ಪ: ಆದರೆ 79 ಕಂತು ಆಗಿತ್ತು. ಸಣ್ಣ ಊರುಗಳ ಟಿವಿ ಕೇಂದ್ರಗಳಿಗೆ ದಿನಾ ಸಂಜೆ ಒಂದೊಂದು ಹಾಕಲು ಅಷ್ಟು ಸಾಕಾಯಿತು. ಆ ವ್ಯಾಪಾರದಲ್ಲಿ ನೂರರ ಹತ್ತಿರ ಕಂತು ಇರಬೇಕು ಅನ್ನುತ್ತಾರೆ. ತಯಾರಕರು ಮೊದಲ ವರ್ಷಗಳಲ್ಲಿ ನಷ್ಟ ತಿಂದುಕೊಂಡು ಎಳೆಯುವುದೇ ಆ ಮರುಮಾರಾಟದ ಆಸೆಗೆ. ಎಪ್ಪತ್ತರ ದಶಕದಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು, ಕಾಲೇಜಿನವರು ದಿನಾ ನೋಡಿದರು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟ್ಲಿಗೆ ‘ಸ್ಟಾರ್ ಟ್ರೆಕ್’ ಕಥೆಯ ನೌಕೆಯ ಹೆಸರನ್ನೇ ಇಟ್ಟರು, ಎಂಟರ್‌ಪ್ರೈಸ್. ಸುತ್ತಿ ಸುತ್ತಿ ನಮ್ಮ ಬೀದಿಯ ಕಿಟಕಿಗೂ ಬಂತು. ಎನ್‌ಬಿಸಿಯ ಯಾವ ಮೀಟರಿನಲ್ಲಿ ನಮ್ಮ ಲೆಕ್ಕ ಇತ್ತು ಹೇಳು?

ಮಗಳು: ಅಂದರೆ 79 ಇದ್ದದ್ದಕ್ಕೆ ಉಳಿಯಿತು, 14 ಇದ್ದದ್ದಕ್ಕೆ ನಿಮ್ಮದು ಹೋಯಿತು.

ಚಿಕ್ಕಪ್ಪ: ಪೂರ್ತಿ ಹೋಗಲಿಲ್ಲ. 2007ರಲ್ಲಿ ಸ್ಟೀವನ್ ಸ್ವಾನ್ಸನ್ ಅನ್ನುವ ಗಗನಯಾತ್ರಿ ಫೈರ್‌ಫ್ಲೈ ಡಿವಿಡಿಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೇ ಕೊಂಡೊಯ್ದ. ಫಾಕ್ಸಿನ ಮೀಟರು ಅಲ್ಲಿಗಂತೂ ಮುಟ್ಟುವುದಿಲ್ಲ.

ಮಗಳು: ಚಿಕ್ಕಪ್ಪ, ನನಗೆ ಕೋಪ ಇರುವುದು ನಿಂತಿದ್ದಕ್ಕಲ್ಲ ಅನ್ನಿಸುತ್ತಿದೆ ಈಗ. ಎಲ್ಲವೂ ಒಂದು ದಿನ ನಿಲ್ಲಬೇಕು. ಮುಗಿಯದೆ ನಿಂತಿತಲ್ಲ, ಅದಕ್ಕೆ.

ಚಿಕ್ಕಪ್ಪ: ನಿಲ್ಲುವುದು ವಾಹಿನಿಯ ಕೈಯಲ್ಲಿದೆ. ಮುಗಿಸುವುದು ಸ್ವಲ್ಪ ಬರೆದವರ ಕೈಯಲ್ಲೂ ಇದೆ. ‘ಬ್ಯಾಬಿಲೋನ್ 5’ ಬರೆದ ಸ್ಟ್ರಾಝಿನ್‌ಸ್ಕಿ ಐದು ವರ್ಷದ ಕಥೆ ಹಾಕಿಕೊಂಡಿದ್ದ. ನಾಲ್ಕನೇ ವರ್ಷಕ್ಕೇ ಬಾಗಿಲು ಹಾಕುವ ಹಾಗೆ ಕಂಡಾಗ ದೊಡ್ಡ ಎಳೆಗಳನ್ನೆಲ್ಲ ಅದರಲ್ಲೇ ಕಟ್ಟಿ, ಕೊನೆಯ ಕಂತನ್ನೂ ಚಿತ್ರೀಕರಿಸಿದ. ಆಮೇಲೆ ಬೇರೆ ವಾಹಿನಿಯಲ್ಲಿ ಐದನೇ ವರ್ಷ ಸಿಕ್ಕಿತು. ಆ ಕಂತನ್ನು ಎತ್ತಿಟ್ಟು, ಮುಂದಿನ ವರ್ಷದ ಕೊನೆಗೆ ಹಾಕಿದ. ಮಳೆ ಬರುತ್ತದೋ ಇಲ್ಲವೋ, ಕೊಡೆ ಜೊತೆಗಿತ್ತು.

ಮಗಳು: ‘1899’ರವರು ಕೊಡೆ ತರಲಿಲ್ಲ. ಎಲ್ಲ ಗುಟ್ಟನ್ನೂ ಕೊನೆಯ ನಿಮಿಷಕ್ಕೆ ಇಟ್ಟರು.

ಚಿಕ್ಕಪ್ಪ: ನಂಬಿಕೆಯ ಮೇಲೆ ಇಟ್ಟರು. ಅವರನ್ನು ಬೈಯಲು ನನಗೆ ಮನಸ್ಸು ಬಾರದು. ನಾಳೆ ಇರುತ್ತೇನೋ ಇಲ್ಲವೋ ಅಂತ ದಿನಾ ಅಂಜಿಕೊಂಡು ಬರೆದರೆ 2517ನೇ ಇಸವಿಯನ್ನು ಯಾರು ಕಟ್ಟುತ್ತಾರೆ? ಕಾಳು ಎಷ್ಟು ಮಿಕ್ಕಿದೆ?

ಮಗಳು: ಒಂದು ಹಿಡಿ. ಆಮೇಲೆ ಟಿವಿ ಹಾಕೋಣವೇ? ನಿಮ್ಮ ಮಿಂಚುಹುಳ. ಹದಿನಾಲ್ಕು ಅಂದರೆ ಈ ಶನಿವಾರ ಭಾನುವಾರಕ್ಕೆ ಸರಿಹೋಗುತ್ತದೆ. ಲೆಕ್ಕಕ್ಕೆ 23 ವರ್ಷ ತಡ, ಅಷ್ಟೇ.

ಚಿಕ್ಕಪ್ಪ: ಡಿವಿಡಿ ಮೇಲಿನ ಕಪಾಟಿನಲ್ಲಿದೆ. ಪ್ಲೇಯರು ಕೆಲಸ ಮಾಡಿದರೆ ನಮ್ಮ ಪುಣ್ಯ. ಯಾವುದರಿಂದ ಶುರು ಮಾಡುತ್ತೀಯೆ?

ಮಗಳು: ರೈಲಿನದ್ದಲ್ಲ. ಆ ಸ್ಟ್ರಾಬೆರಿ ಇರುವುದು. ನೀವು ಕೊನೆಗೆ ನೋಡಿದ್ದನ್ನು ನಾನು ಮೊದಲು ನೋಡುತ್ತೇನೆ.

ಚಿಕ್ಕಪ್ಪ: ಹಾಗಾದರೆ ಕೈ ತೊಳೆದುಕೊಂಡು ಬಾ. ನಾನು ಚಿಕ್ಕಮ್ಮನಿಗೆ ಬೇಳೆ ಒಪ್ಪಿಸಿ ಬರುತ್ತೇನೆ.